ಕಣ್ಣಿನ ಮೇಕಪ್‌ನಿಂದ ರೆಪ್ಪೆ ಕೆರಳಿದಾಗ: ಯಾವುದನ್ನು ಬಿಡುವುದು, ಯಾವುದನ್ನು ಆರಿಸುವುದು

ಕಣ್ಣುರೆಪ್ಪೆ ಕೆಂಪಾಗಿ ತುರಿಸತೊಡಗಿದ ಕೂಡಲೇ ಹೆಚ್ಚಿನವರು ಬಳಸುತ್ತಿದ್ದ ಮಸ್ಕಾರಾವನ್ನು ಬದಿಗಿಟ್ಟು, ‘ಸೂಕ್ಷ್ಮ ಕಣ್ಣುಗಳಿಗಾಗಿ’ ಎಂದು ಬರೆದಿರುವ ಇನ್ನೊಂದನ್ನು ಕೊಳ್ಳುತ್ತಾರೆ. ಹೊಸದು ಕೆಲವು ದಿನ ಹಿತವೆನಿಸುತ್ತದೆ. ಆಮೇಲೆ ಅದೇ ತುರಿಕೆ, ಅದೇ ಊತ ಮರಳುತ್ತದೆ, ಮತ್ತೆ ಹೊಸದೊಂದರ ಹುಡುಕಾಟ ಶುರುವಾಗುತ್ತದೆ. ಹೀಗೆ ಒಂದರ ಬದಲು ಇನ್ನೊಂದನ್ನು ಹಚ್ಚಿ ನೋಡುವುದಕ್ಕಿಂತ, ಪ್ರತಿ ವಸ್ತುವಿನ ಬಗ್ಗೆಯೂ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಮೇಲು ಎಂಬುದು ನನ್ನ ಅಭಿಪ್ರಾಯ: ಇದು ರೆಪ್ಪೆಯಿಂದ ಎಷ್ಟು ಸುಲಭವಾಗಿ ಬಿಡುತ್ತದೆ, ಮತ್ತು ಇದರೊಳಗೆ ಎಷ್ಟು ಬಗೆಯ ಪದಾರ್ಥಗಳಿವೆ? ಹಚ್ಚುವಾಗಿನ ಹಿತಕ್ಕಿಂತ ತೆಗೆಯುವಾಗಿನ ಸಲೀಸನ್ನು ನೋಡಿ ಆರಿಸಿದವರಿಗೆ ತೊಂದರೆ ಕಡಿಮೆ. ಆದರೆ ಅದಕ್ಕೂ ಮೊದಲು, ಆಗಿರುವುದು ಏನು ಎಂಬುದು ಗೊತ್ತಾಗಬೇಕು.

ಕೆರಳಿಕೆಯೋ, ಅಲರ್ಜಿಯೋ

ರೆಪ್ಪೆಯ ಚರ್ಮ ಇಡೀ ದೇಹದಲ್ಲೇ ಅತ್ಯಂತ ತೆಳುವಾದದ್ದು. ಅದರ ದಪ್ಪ ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಕೆನ್ನೆಯೋ ಅಂಗೈಯೋ ಲೆಕ್ಕಿಸದ ಪದಾರ್ಥವೊಂದು ಇಲ್ಲಿ ಒಳಕ್ಕೆ ಇಳಿಯುತ್ತದೆ. ಹಾಗೆ ಇಳಿದಾಗ ಸಾಮಾನ್ಯವಾಗಿ ಮೂರು ಬಗೆಯ ಪ್ರತಿಕ್ರಿಯೆಗಳು ಕಾಣುತ್ತವೆ.

ಮೊದಲನೆಯದು ಬರಿಯ ಕೆರಳಿಕೆ. ಇದರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಗೆ ಯಾವ ನೆನಪೂ ಇಲ್ಲ; ಪದಾರ್ಥವು ಚರ್ಮದ ಎಣ್ಣೆಯ ಪದರವನ್ನು ಕರಗಿಸಿದೆ, ಅಥವಾ ಉಜ್ಜುವಿಕೆ ಅದನ್ನು ಸವೆಸಿದೆ, ಅಷ್ಟೆ. ತುರಿಕೆಗಿಂತ ಉರಿ ಮತ್ತು ಬಿಗಿತ ಹೆಚ್ಚು. ಹಚ್ಚಿದ ನಿಮಿಷಗಳಲ್ಲಿ ಅಥವಾ ಕೆಲವು ಗಂಟೆಗಳಲ್ಲಿ ಕಾಣಿಸಿಕೊಳ್ಳುತ್ತದೆ, ಮೊದಲ ಬಳಕೆಯಲ್ಲೇ ಆಗಬಹುದು. ಎರಡನೆಯದು ಸಂಪರ್ಕದಿಂದಾಗುವ ತಡವಾದ ಅಲರ್ಜಿ. ಇಲ್ಲಿ ತುರಿಕೆಯೇ ಮುಖ್ಯ. ಹಚ್ಚಿದ ಒಂದೆರಡು ದಿನಗಳ ನಂತರ ರೆಪ್ಪೆ ಕೆಂಪಾಗಿ ಊದಿಕೊಂಡು, ಆಮೇಲೆ ಒಣಗಿ ಹೊಟ್ಟು ಏಳುತ್ತದೆ. ವರ್ಷಗಟ್ಟಲೆ ಯಾವ ತೊಂದರೆಯೂ ಇಲ್ಲದೆ ಬಳಸಿದ ವಸ್ತುವಿಗೂ ಇದು ಒಂದು ದಿನ ಹುಟ್ಟಿಕೊಳ್ಳಬಹುದು, ಹಾಗೂ ಒಮ್ಮೆ ಹುಟ್ಟಿತೆಂದರೆ ಸಾಮಾನ್ಯವಾಗಿ ಜೀವನವಿಡೀ ಉಳಿಯುತ್ತದೆ. ‘ಹತ್ತು ವರ್ಷದಿಂದ ಇದನ್ನೇ ಬಳಸುತ್ತಿದ್ದೇನೆ, ಇದರಿಂದ ಆಗಿರಲಾರದು’ ಎಂಬ ವಾದಕ್ಕೆ ಆದ್ದರಿಂದ ಬೆಲೆಯಿಲ್ಲ. ಮೂರನೆಯದು ತಕ್ಷಣದ ಅಲರ್ಜಿ: ಹಚ್ಚಿದ ಸ್ವಲ್ಪ ಹೊತ್ತಿನಲ್ಲೇ ದದ್ದೆದ್ದು ರೆಪ್ಪೆ ದಪ್ಪಗಾಗುತ್ತದೆ, ಬಹುತೇಕ ಒಂದು ದಿನದೊಳಗೆ ಇಳಿಯುತ್ತದೆ.

ಈ ಭೇದ ಆಯ್ಕೆಯ ದಿಕ್ಕನ್ನೇ ಬದಲಿಸುತ್ತದೆ. ಕೆರಳಿಕೆಯಾಗಿದ್ದರೆ ಅದೇ ವಸ್ತುವನ್ನು ಕಡಿಮೆ ಹಚ್ಚಿ, ಮೃದುವಾಗಿ ತೆಗೆದು, ಚರ್ಮ ಚೇತರಿಸಿಕೊಂಡ ಮೇಲೆ ಮತ್ತೆ ಬಳಸಬಹುದು. ಅಲರ್ಜಿಯಾಗಿದ್ದರೆ ಪ್ರಮಾಣ ಕಡಿಮೆ ಮಾಡಿ ಪ್ರಯೋಜನವಿಲ್ಲ. ಆ ಪದಾರ್ಥವಿರುವ ಯಾವುದನ್ನೂ, ಯಾವ ಹೆಸರಿನಲ್ಲಿ ಬಂದರೂ, ದೂರವಿಡಬೇಕು. ಬೆಳಗ್ಗೆ ಎದ್ದಾಗ ಗೀಜು ಕಟ್ಟಿ ರೆಪ್ಪೆಗಳು ಅಂಟಿಕೊಂಡಿದ್ದರೆ ಸೋಂಕನ್ನು, ರೆಪ್ಪೆಯ ಅಂಚಿನಲ್ಲಿ ಕೂದಲ ಬುಡಕ್ಕೆ ಹೊಟ್ಟು ಅಂಟಿದ್ದರೆ ರೆಪ್ಪೆಯಂಚಿನ ಉರಿಯೂತವನ್ನು ಅನುಮಾನಿಸಬೇಕು. ಇವೆರಡಕ್ಕೂ ಹೊಸ ಮಸ್ಕಾರಾ ಪರಿಹಾರವಲ್ಲ.

ತಪ್ಪಿತಸ್ಥ ಮೇಕಪ್ಪೇ ಆಗಿರಬೇಕಿಲ್ಲ

ಈ ವಿಷಯದಲ್ಲಿ ಅತಿ ಹೆಚ್ಚು ಜನ ಎಡವುವುದು ಇಲ್ಲೇ. ರೆಪ್ಪೆಯ ಅಲರ್ಜಿಗೆ ಹೆಸರಾದ ಕಾರಣಗಳಲ್ಲೊಂದು ಉಗುರುಬಣ್ಣ. ದಿನಕ್ಕೆ ಎಷ್ಟೋ ಬಾರಿ ನಮಗರಿವಿಲ್ಲದೆ ಬೆರಳು ಕಣ್ಣಿಗೆ ಹೋಗುತ್ತದೆ. ಉಗುರುಬಣ್ಣದಲ್ಲಿರುವ ಟೋಸಿಲಮೈಡ್ ಫಾರ್ಮಾಲ್ಡಿಹೈಡ್ ರಾಳವಾಗಲಿ, ಜೆಲ್ ಉಗುರುಗಳಲ್ಲಿರುವ ಅಕ್ರಿಲೇಟ್‌ಗಳಾಗಲಿ ರೆಪ್ಪೆಗೆ ತಾಗಿ ಅಲ್ಲಿ ಎದ್ದು ಕಾಣುತ್ತವೆ, ಬೆರಳ ತುದಿಯಲ್ಲಿ ಮಾತ್ರ ಎಷ್ಟೋ ಬಾರಿ ಏನೂ ಆಗಿರುವುದಿಲ್ಲ. ತಲೆ ತೊಳೆಯುವಾಗ ಶಾಂಪೂ ನೊರೆ ರೆಪ್ಪೆಯ ಮೇಲೆ ಹರಿದು ಹೋಗುತ್ತದೆ; ಅದರಲ್ಲಿರುವ ಕೊಕಮಿಡೋಪ್ರೊಪೈಲ್ ಬೀಟೈನ್ ಎಂಬ ನೊರೆಕಾರಕ, ಸುಗಂಧ, ಸಂರಕ್ಷಕಗಳು ನೆತ್ತಿಯನ್ನು ಬಿಟ್ಟು ರೆಪ್ಪೆಯನ್ನು ಹಿಡಿಯಬಹುದು. ಕೂದಲ ಬಣ್ಣದ್ದೂ ಇದೇ ಕಥೆ. ರೆಪ್ಪೆಗೂದಲು ಬಾಗಿಸುವ ಇಕ್ಕಳದಲ್ಲಿ ನಿಕ್ಕಲ್ ಇರುತ್ತದೆ, ಅದರ ಮೆತ್ತೆಯಲ್ಲಿ ರಬ್ಬರ್ ಇರುತ್ತದೆ. ಇನ್ನೂ ವಿಚಿತ್ರವೆನಿಸುವುದು ಬಂಗಾರದ ಉಂಗುರ: ಮೇಕಪ್‌ನಲ್ಲಿಯೂ ಸನ್‌ಸ್ಕ್ರೀನ್‌ನಲ್ಲಿಯೂ ಇರುವ ಟೈಟಾನಿಯಂ ಡೈಆಕ್ಸೈಡ್‌ನ ಗಡಸು ಕಣಗಳು ಉಂಗುರವನ್ನು ಅತಿ ಸೂಕ್ಷ್ಮವಾಗಿ ತೇಯ್ದು, ಆ ಬಂಗಾರದ ಪುಡಿ ರೆಪ್ಪೆಗೆ ತಗುಲಿ ಅಲರ್ಜಿ ಎಬ್ಬಿಸುವುದನ್ನು ಚರ್ಮವೈದ್ಯರು ಗುರುತಿಸಿದ್ದಾರೆ.

ಹಾಗಾಗಿ ಎಲ್ಲ ಕಣ್ಣಿನ ಮೇಕಪ್ಪನ್ನೂ ಎರಡು ಮೂರು ವಾರ ನಿಲ್ಲಿಸಿದ ಮೇಲೂ ತುರಿಕೆ ಹೋಗಲಿಲ್ಲವೆಂದರೆ, ಹುಡುಕಾಟವನ್ನು ಕೈಗೆ, ತಲೆಗೆ, ದಿಂಬಿಗೆ ಸಿಂಪಡಿಸಿದ ಸುಗಂಧಕ್ಕೆ ವಿಸ್ತರಿಸಬೇಕು. ಕಣ್ಣಿಗೆ ಹಾಕುವ ಔಷಧದ ಹನಿಗಳೂ ಅನುಮಾನದ ಪಟ್ಟಿಯಲ್ಲಿರಬೇಕು. ಅವುಗಳ ಸಂರಕ್ಷಕವಾದ ಬೆಂಜಾಲ್ಕೋನಿಯಂ ಕ್ಲೋರೈಡ್ ಮತ್ತು ಕೆಲವು ಮುಲಾಮುಗಳಲ್ಲಿರುವ ನಿಯೋಮೈಸಿನ್ ಸ್ವತಃ ತೊಂದರೆ ಕೊಡಬಲ್ಲವು.

ಡಬ್ಬಿಯ ಮೇಲಿನ ಮಾತುಗಳು

ಅಲರ್ಜಿಯ ಸಾಧ್ಯತೆ ಕಡಿಮೆ ಎಂಬರ್ಥದ ‘ಹೈಪೋಅಲರ್ಜೆನಿಕ್’ ಎಂಬ ಪದ ಕೊಳ್ಳುವವರಿಗೆ ಧೈರ್ಯ ಕೊಡುತ್ತದೆ, ಆದರೆ ಆ ಧೈರ್ಯಕ್ಕೆ ಕಾನೂನಿನ ಬೆಂಬಲ ತೀರಾ ತೆಳ್ಳಗಿದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1975ರಲ್ಲಿ ಈ ಪದವನ್ನು ಬಳಸಬೇಕಾದರೆ ಪರೀಕ್ಷೆಯ ಆಧಾರ ಬೇಕೆಂದು ನಿಯಮ ಮಾಡಿತ್ತು; ಪ್ರಸಾಧನ ಕಂಪನಿಗಳು ನ್ಯಾಯಾಲಯಕ್ಕೆ ಹೋದವು, 1977ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ನಿಯಮವನ್ನು ರದ್ದುಪಡಿಸಿತು. ಅಂದಿನಿಂದ ಅಲ್ಲಿ ಆ ಪದಕ್ಕೆ ತಯಾರಕರು ಕೊಟ್ಟ ಅರ್ಥವೇ ಅರ್ಥ. ‘ನೇತ್ರತಜ್ಞರಿಂದ ಪರೀಕ್ಷಿತ’ ಎಂಬುದೂ ಪರೀಕ್ಷೆ ನಡೆಯಿತೆಂದು ಹೇಳುತ್ತದೆಯೇ ಹೊರತು ಫಲಿತಾಂಶವೇನೆಂದು ಹೇಳುವುದಿಲ್ಲ.

‘ಸುಗಂಧರಹಿತ’ ಎಂಬುದಕ್ಕೂ ‘ವಾಸನೆಯಿಲ್ಲದ್ದು’ ಎಂಬುದಕ್ಕೂ ವ್ಯತ್ಯಾಸವಿದೆ. ಎರಡನೆಯದರಲ್ಲಿ ಕಚ್ಚಾ ಪದಾರ್ಥಗಳ ವಾಸನೆಯನ್ನು ಮುಚ್ಚಲು ಸುಗಂಧವನ್ನೇ ಸೇರಿಸಿರಬಹುದು. ಇವೆರಡರಲ್ಲಿ ಆರಿಸುವುದಾದರೆ ಮೊದಲನೆಯದನ್ನೇ ಆರಿಸಬೇಕು, ಅದರ ಪದಾರ್ಥಗಳ ಪಟ್ಟಿಯಲ್ಲಿಯೂ ಪರ್ಫ್ಯೂಮ್, ಲಿನಲೂಲ್, ಲಿಮೊನೀನ್ ಎಂಬ ಹೆಸರುಗಳಿಲ್ಲವೆಂದು ನೋಡಿಕೊಳ್ಳಬೇಕು. ‘ನೈಸರ್ಗಿಕ’ ಎಂಬ ಪದಕ್ಕೆ ರೆಪ್ಪೆಯ ಮಟ್ಟಿಗೆ ಯಾವ ತೂಕವೂ ಇಲ್ಲ. ಜೇನುಮೇಣ, ಉಣ್ಣೆಯ ಮೇಣವಾದ ಲ್ಯಾನೋಲಿನ್, ಪೈನ್ ಮರದ ರಾಳ, ಗಿಡಮೂಲಿಕೆಗಳ ಸುಗಂಧತೈಲ ಎಲ್ಲವೂ ಪ್ರಕೃತಿಯಿಂದ ಬಂದವೇ, ಎಲ್ಲವೂ ಅಲರ್ಜಿಯನ್ನು ಉಂಟುಮಾಡಬಲ್ಲವೇ.

ಸಂರಕ್ಷಕಗಳ ವಿಷಯದಲ್ಲಿ ಜನಪ್ರಿಯ ಭಯ ಮತ್ತು ವೈದ್ಯರ ಅನುಭವ ಎದುರುಬದುರಾಗಿವೆ. ‘ಪ್ಯಾರಾಬೆನ್ ಇಲ್ಲ’ ಎಂದು ದೊಡ್ಡದಾಗಿ ಬರೆದುಕೊಳ್ಳುವ ಕಾಲವಿದು. ಆದರೆ ಸಂಪರ್ಕ ಅಲರ್ಜಿಯ ದೃಷ್ಟಿಯಿಂದ ಪ್ಯಾರಾಬೆನ್‌ಗಳು ಸಂರಕ್ಷಕಗಳಲ್ಲೇ ಸೌಮ್ಯವಾದವು, ಎಷ್ಟರಮಟ್ಟಿಗೆಂದರೆ ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘ 2019ರಲ್ಲಿ ಅವನ್ನು ವರ್ಷದ ‘ಅಲರ್ಜಿಕಾರಕವಲ್ಲದ’ ಪದಾರ್ಥವೆಂದು ಹೆಸರಿಸಿತು. ಅವುಗಳ ಜಾಗಕ್ಕೆ ಬಂದವುಗಳಲ್ಲಿ ಒಂದಾದ ಮೀಥೈಲ್‌ಐಸೋಥಯಾಜೊಲಿನೋನ್ ಅದೇ ಸಂಘದಿಂದ 2013ರಲ್ಲಿ ವರ್ಷದ ಅಲರ್ಜಿಕಾರಕವೆಂಬ ಬಿರುದು ಪಡೆದಿತ್ತು. ಹಚ್ಚಿ ಹಾಗೆಯೇ ಬಿಡುವ ಪ್ರಸಾಧನಗಳಲ್ಲಿ ಅದರ ಬಳಕೆಯನ್ನು ಐರೋಪ್ಯ ಒಕ್ಕೂಟ 2017ರಿಂದ ನಿಷೇಧಿಸಿದೆ. ನಿಧಾನವಾಗಿ ಫಾರ್ಮಾಲ್ಡಿಹೈಡ್ ಬಿಡುವ ಕ್ವಾಟರ್ನಿಯಂ-15, ಡಿಎಂಡಿಎಂ ಹೈಡಾಂಟೊಯಿನ್, ಇಮಿಡಾಜೊಲಿಡಿನೈಲ್ ಯೂರಿಯಾ ಎಂಬ ಹೆಸರುಗಳನ್ನೂ ಪಟ್ಟಿಯಲ್ಲಿ ಹುಡುಕಬೇಕು. ಪ್ಯಾರಾಬೆನ್ ಇರುವ ವಸ್ತು ಮತ್ತು ಇವುಗಳಲ್ಲೊಂದು ಇರುವ ವಸ್ತು ಎದುರಿಗಿದ್ದರೆ, ಬೇರೆ ಕಾರಣವಿಲ್ಲದ ಪಕ್ಷದಲ್ಲಿ ರೆಪ್ಪೆಗೆ ಮೊದಲನೆಯದೇ ವಾಸಿ.

ಮಸ್ಕಾರಾ: ಮೂರು ಬಗೆ

ನೀರಿನಲ್ಲಿ ತೊಳೆದುಹೋಗುವ ಸಾಮಾನ್ಯ ಮಸ್ಕಾರಾ, ನೀರು ತಡೆಯುವ ಮಸ್ಕಾರಾ, ಕೂದಲ ಸುತ್ತ ಕೊಳವೆಯಂತೆ ಕೂರುವ ಪಾಲಿಮರ್ ಮಸ್ಕಾರಾ ಎಂದು ಮುಖ್ಯವಾಗಿ ಮೂರು ಬಗೆಗಳಿವೆ. ಸಾಮಾನ್ಯದರಲ್ಲಿ ನೀರಿನ ಅಂಶ ಹೆಚ್ಚಿರುವುದರಿಂದ ಸೂಕ್ಷ್ಮಜೀವಿಗಳು ಬೆಳೆಯದಂತೆ ಸಂರಕ್ಷಕಗಳು ಬೇಕೇ ಬೇಕು. ಮೇಣ ಮತ್ತು ನೀರನ್ನು ಬೆಸೆಯುವ ಸಾಬೂನಿನಂಥ ಪದಾರ್ಥಗಳೂ ಇರುತ್ತವೆ. ಬೆವರು, ಕಣ್ಣೀರು ಬಂದಾಗ ಅದು ಕರಗಿ ಕಣ್ಣಿಗಿಳಿದು ಉರಿಸುವುದು ಇದರಿಂದಲೇ. ನೀರು ತಡೆಯುವ ಬಗೆಯಲ್ಲಿ ನೀರು ಇಲ್ಲವೇ ಇಲ್ಲ ಅಥವಾ ತೀರಾ ಕಡಿಮೆ, ಹಾಗಾಗಿ ಸಂರಕ್ಷಕಗಳೂ ಕಡಿಮೆ. ಕಾಗದದ ಮೇಲೆ ನೋಡಿದರೆ ಅಲರ್ಜಿಯವರಿಗೆ ಇದೇ ಮೇಲೆಂದು ತೋರುತ್ತದೆ. ಆದರೆ ರಾತ್ರಿ ತೆಗೆಯುವ ಹೊತ್ತಿಗೆ ಈ ಲೆಕ್ಕ ತಲೆಕೆಳಗಾಗುತ್ತದೆ. ಎಣ್ಣೆಯ ಕ್ಲೆನ್ಸರ್ ಬೇಕು, ಹತ್ತಿಯಿಂದ ಉಜ್ಜಬೇಕು, ಉಳಿದದ್ದಕ್ಕೆ ಮತ್ತೊಮ್ಮೆ ಉಜ್ಜಬೇಕು; ದಿನವೂ ಹೀಗೆ ಉಜ್ಜಿಸಿಕೊಂಡ ಚರ್ಮ ಯಾವ ಅಲರ್ಜಿಯೂ ಇಲ್ಲದೆಯೇ ಸಿಪ್ಪೆ ಏಳುತ್ತದೆ, ಸಿಪ್ಪೆ ಎದ್ದ ಚರ್ಮದ ಮೂಲಕ ಅಲರ್ಜಿಕಾರಕಗಳು ಇನ್ನೂ ಸುಲಭವಾಗಿ ಒಳಹೊಗುತ್ತವೆ.

ಪಾಲಿಮರ್ ಬಗೆಯದು ಉಗುರುಬೆಚ್ಚನೆಯ ನೀರಿನಲ್ಲಿ ನೆನೆದು ಚಿಕ್ಕ ಚಿಕ್ಕ ಕೊಳವೆಗಳಾಗಿ ಜಾರಿ ಬರುತ್ತದೆ. ಎಣ್ಣೆ ಬೇಡ, ಉಜ್ಜಾಟ ಬೇಡ. ಇದರಲ್ಲಿಯೂ ಸಂರಕ್ಷಕಗಳಿವೆ, ಪಾಲಿಮರ್‌ಗಳಿಗೇ ಅಲರ್ಜಿ ಇರುವ ಕೆಲವರೂ ಇದ್ದಾರೆ. ಆದರೂ ಕೆರಳಿಕೆಯ ಚರ್ಮದವರು ದಿನಬಳಕೆಗೆ ಒಂದನ್ನೇ ಆರಿಸಬೇಕೆಂದರೆ ನಾನು ಇದನ್ನೇ ಸೂಚಿಸುತ್ತೇನೆ. ಮೂರರಲ್ಲಿಯೂ ಪೈನ್ ರಾಳವಾದ ಕೊಲೊಫೊನಿ ಮತ್ತು ಅರಗಿನಿಂದ ಬರುವ ಶೆಲ್ಯಾಕ್ ಇವೆಯೇ ಎಂದು ನೋಡುವುದು ಒಳ್ಳೆಯದು. ಮಸ್ಕಾರಾದಿಂದ ಬರುವ ಅಲರ್ಜಿಯಲ್ಲಿ ಇವೆರಡರ ಹೆಸರು ಕೇಳಿಬರುತ್ತದೆ. ಎಳೆಗಳನ್ನು ಸೇರಿಸಿ ಕೂದಲನ್ನು ಉದ್ದಗಾಣಿಸುವ ಮಸ್ಕಾರಾಗಳನ್ನು ಲೆನ್ಸ್ ಹಾಕುವವರು ಬಿಡುವುದೇ ಸರಿ, ಆ ಎಳೆಗಳು ಉದುರಿ ಲೆನ್ಸ್‌ನ ಕೆಳಗೆ ಸಿಕ್ಕಿಕೊಳ್ಳುತ್ತವೆ. ಯಾವ ಬಗೆಯದಾದರೂ ತೆರೆದ ಮೂರು ತಿಂಗಳಿಗೆ ಎಸೆಯಬೇಕು. ಒಣಗಿದ್ದಕ್ಕೆ ನೀರನ್ನೋ ಎಂಜಲನ್ನೋ ಸೇರಿಸಿ ಮುಂದುವರಿಸುವುದು ಸೋಂಕಿಗೆ ಕೊಡುವ ಆಹ್ವಾನ.

ಐಲೈನರ್, ಕಾಡಿಗೆ, ಐಶ್ಯಾಡೋ

ಪೆನ್ಸಿಲ್ ಮತ್ತು ದ್ರವದ ಐಲೈನರ್‌ಗಳ ನಡುವೆ ಆಯ್ಕೆ ಕಷ್ಟವಲ್ಲ. ಪೆನ್ಸಿಲ್ ಮೇಣದ ಆಧಾರದ್ದು, ಪದಾರ್ಥಗಳ ಪಟ್ಟಿ ಚಿಕ್ಕದು, ಕೆತ್ತಿದಾಗಲೆಲ್ಲ ಹೊಸ ಮೇಲ್ಮೈ ಸಿಗುತ್ತದೆ. ದ್ರವದ್ದು ನೀರು, ಸಂರಕ್ಷಕ, ಅಂಟುಪದಾರ್ಥಗಳ ಮಿಶ್ರಣ. ಒಣಗಿದ ಮೇಲೆ ತುಣುಕಾಗಿ ಉದುರುತ್ತದೆ. ಗಡಸು ಪೆನ್ಸಿಲ್‌ನಿಂದ ಎಳೆದು ಗೀರುವವರಿಗೆ ಮಾತ್ರ ಮೆತ್ತಗಿನದನ್ನು ಹುಡುಕಿಕೊಳ್ಳಬೇಕಾದೀತು.

ಯಾವುದನ್ನು ಹಚ್ಚುತ್ತೇವೆ ಎಂಬುದಕ್ಕಿಂತ ಎಲ್ಲಿ ಹಚ್ಚುತ್ತೇವೆ ಎಂಬುದು ಇಲ್ಲಿ ಹೆಚ್ಚು ಮುಖ್ಯ. ರೆಪ್ಪೆಯ ಅಂಚಿನಲ್ಲಿ, ಕೂದಲ ಸಾಲಿಗೂ ಕಣ್ಣುಗುಡ್ಡೆಗೂ ನಡುವೆ, ಕಣ್ಣೀರು ಆವಿಯಾಗದಂತೆ ತಡೆಯುವ ಎಣ್ಣೆಯನ್ನು ಸ್ರವಿಸುವ ಮೈಬೋಮಿಯನ್ ಗ್ರಂಥಿಗಳ ಬಾಯಿಗಳಿವೆ. ಕೂದಲ ಸಾಲಿನ ಒಳಬದಿಗೆ ಹಚ್ಚಿದ ಪೆನ್ಸಿಲ್ ಹಾಗೂ ಕಾಡಿಗೆ ಈ ಬಾಯಿಗಳನ್ನು ಮುಚ್ಚುತ್ತದೆ, ಹೊರಬದಿಗೆ ಹಚ್ಚಿದ್ದಕ್ಕಿಂತ ಬೇಗ ಕಣ್ಣೀರಿನ ಪದರಕ್ಕೆ ಸೇರಿಕೊಳ್ಳುತ್ತದೆ. ಒಣಕಣ್ಣು, ಕಣ್ಣೊಳಗೆ ಮರಳು ಬಿದ್ದಂಥ ಅನುಭವ ಇರುವವರು ಅದೇ ವಸ್ತುವನ್ನು ಕೂದಲ ಸಾಲಿನ ಹೊರಗೆ ಹಚ್ಚಿ ನೋಡಿದರೆ ಎಷ್ಟೋ ಬಾರಿ ವಸ್ತುವನ್ನು ಬದಲಿಸುವ ಅಗತ್ಯವೇ ಬೀಳುವುದಿಲ್ಲ. ಕಾಡಿಗೆಯ ಬಗ್ಗೆ ಇನ್ನೊಂದು ಮಾತು: ಸೀಸದ ಸಲ್ಫೈಡ್‌ನಿಂದ ಮಾಡಿದ ಸುರ್ಮಾ ಮತ್ತು ಕೋಲ್ ಅಲರ್ಜಿ ಕೊಡದಿದ್ದರೂ ಬಳಸತಕ್ಕವಲ್ಲ, ಸೀಸವು ದೇಹದಲ್ಲಿ ಸಂಗ್ರಹವಾಗುವ ವಿಷ, ಮಕ್ಕಳಿಗಂತೂ ಇನ್ನಷ್ಟು ಅಪಾಯಕಾರಿ. ಪದಾರ್ಥಗಳ ಪಟ್ಟಿಯೇ ಇಲ್ಲದ ಡಬ್ಬಿಯನ್ನು ಈ ಕಾರಣಕ್ಕಾಗಿ ದೂರವಿಡಬೇಕು.

ಐಶ್ಯಾಡೋದಲ್ಲಿ ಪುಡಿಗೆ ಸಂರಕ್ಷಕ ಕಡಿಮೆ, ಕ್ರೀಮಿಗೆ ಹೆಚ್ಚು. ಆದರೆ ಪುಡಿಯ ಹೊಳಪಿನ ಕಣಗಳು ಕಣ್ಣಿಗೆ ಬಿದ್ದು ಗೀರುತ್ತವೆ, ಕ್ರೀಮು ಬೀಳುವುದಿಲ್ಲ. ಅಲರ್ಜಿಯವರಿಗೆ ಹೊಳಪಿಲ್ಲದ ಪುಡಿ, ಒಣಕಣ್ಣು ಮತ್ತು ಲೆನ್ಸ್‌ನವರಿಗೆ ಕ್ರೀಮು ಎಂದು ಒರಟಾಗಿ ಹೇಳಬಹುದು. ಕೆಂಪು, ನೇರಳೆ ಛಾಯೆಗಳಲ್ಲಿ ಕೀಟದಿಂದ ತೆಗೆದ ಕಾರ್ಮೈನ್ ಇರಬಹುದಾದ್ದರಿಂದ ಕಂದು ಛಾಯೆಗಳಿಂದ ಆರಂಭಿಸುವುದು ಸುರಕ್ಷಿತ.

ಅಂಟಿಸುವ ಕೃತಕ ರೆಪ್ಪೆಗೂದಲಿನ ಅಂಟಿನಲ್ಲಿ ಲೇಟೆಕ್ಸ್ ಇರಬಹುದು. ಸಲೂನಿನಲ್ಲಿ ಒಂದೊಂದಾಗಿ ಜೋಡಿಸುವ ಕೂದಲಿಗೆ ಸಯನೋಅಕ್ರಿಲೇಟ್ ಅಂಟು ಬಳಸುತ್ತಾರೆ, ಅದು ಒಣಗುವಾಗ ಬರುವ ಆವಿಯೇ ಕಣ್ಣನ್ನು ಕೆರಳಿಸುತ್ತದೆ. ಮೊದಲನೆಯದನ್ನು ತೊಂದರೆಯಾದ ಕ್ಷಣವೇ ಕಿತ್ತು ತೆಗೆಯಬಹುದು, ಎರಡನೆಯದು ವಾರಗಟ್ಟಲೆ ಅಲ್ಲೇ ಇರುತ್ತದೆ. ಅಲರ್ಜಿಯ ಇತಿಹಾಸವಿರುವವರಿಗೆ ಎರಡನೆಯದು ಬೇಡವೇ ಬೇಡ. ರೆಪ್ಪೆಗೂದಲಿಗೆ ಬಣ್ಣ ಹಾಕಿಸುವುದು ಇದಕ್ಕಿಂತಲೂ ಅಪಾಯಕರ. 1933ರ ಸುಮಾರಿಗೆ ಅಮೆರಿಕದಲ್ಲಿ ಮಾರಾಟದಲ್ಲಿದ್ದ ಲ್ಯಾಶ್ ಲ್ಯೂರ್ ಎಂಬ ಬಣ್ಣದಲ್ಲಿದ್ದ ಪ್ಯಾರಾಫೆನೈಲೀನ್‌ಡೈಅಮೈನ್‌ನಿಂದ ಮಹಿಳೆಯರು ದೃಷ್ಟಿ ಕಳೆದುಕೊಂಡರು. ಪ್ರಸಾಧನಗಳನ್ನೂ ನಿಯಂತ್ರಣಕ್ಕೆ ತಂದ 1938ರ ಕಾಯಿದೆಗೆ ಒತ್ತಡ ತಂದ ಪ್ರಕರಣಗಳಲ್ಲಿ ಅದೂ ಒಂದು. ಅದೇ ಪದಾರ್ಥ ಇಂದಿಗೂ ಕೂದಲ ಬಣ್ಣಗಳಲ್ಲಿದೆ.

ತೆಗೆಯುವ ಸಾಧನಗಳು

ಒದ್ದೆ ವೈಪ್‌ಗಳು ಅನುಕೂಲಕರವೇನೋ ಹೌದು, ಆದರೆ ಸದಾ ಒದ್ದೆಯಾಗಿರಲು ಅವಕ್ಕೆ ಸಂರಕ್ಷಕ ಬೇಕು, ಮತ್ತು ಬಟ್ಟೆಯ ಉಜ್ಜುವಿಕೆ ತಪ್ಪದು. ಪ್ರಯಾಣಕ್ಕೂ ಇವುಗಳನ್ನು ನಾನು ಸೂಚಿಸುವುದಿಲ್ಲ. ಮೈಸೆಲರ್ ನೀರು ಸೌಮ್ಯವೆಂಬ ಹೆಸರು ಪಡೆದಿದೆ, ಆದರೆ ಅದು ಕೊಳೆ ಎಬ್ಬಿಸುವುದು ತನ್ನಲ್ಲಿರುವ ಸಾಬೂನಿನ ಜಾತಿಯ ಪದಾರ್ಥಗಳಿಂದಲೇ. ‘ತೊಳೆಯಬೇಕಿಲ್ಲ’ ಎಂದು ಬರೆದಿದ್ದರೂ ತೊಳೆಯಬೇಕು. ಮಕ್ಕಳ ಶಾಂಪೂವನ್ನು ನೀರಿನಲ್ಲಿ ಕದಡಿ ಬಳಸುವ ಹಳೆಯ ಸಲಹೆಯೊಂದಿದೆ, ಆದರೆ ಮೇಲೆ ಹೇಳಿದ ನೊರೆಕಾರಕವೂ ಸುಗಂಧವೂ ಅದರಲ್ಲಿ ಇರಬಹುದು. ಅಲರ್ಜಿ ಬಲವಾಗಿರುವವರಿಗೆ ಎಲ್ಲಕ್ಕಿಂತ ಸರಳವಾದದ್ದು ಶುದ್ಧ ಪೆಟ್ರೋಲಿಯಂ ಜೆಲ್ಲಿ: ಒಂದೇ ಪದಾರ್ಥ, ಅಲರ್ಜಿ ಅತಿ ವಿರಳ. ಸ್ವಲ್ಪ ಹಚ್ಚಿ, ಅರ್ಧ ನಿಮಿಷ ಬಿಟ್ಟು, ಮೃದುವಾದ ಬಟ್ಟೆಯಿಂದ ಕೂದಲ ದಿಕ್ಕಿನಲ್ಲೇ ಇಳಿಸಿದರೆ ಸಾಕು. ದೃಷ್ಟಿ ಸ್ವಲ್ಪ ಹೊತ್ತು ಮಂಜಾಗುವುದೊಂದೇ ಇದರ ಕೊರತೆ. ಲೆನ್ಸ್ ಇರುವವರು ಮೇಕಪ್ ಹಚ್ಚುವ ಮೊದಲು ಲೆನ್ಸ್ ಹಾಕಿಕೊಳ್ಳಬೇಕು, ಮೇಕಪ್ ತೆಗೆಯುವ ಮೊದಲು ಲೆನ್ಸ್ ತೆಗೆಯಬೇಕು.

ಪರೀಕ್ಷೆ: ಮನೆಯಲ್ಲಿಯೋ, ವೈದ್ಯರ ಬಳಿಯೋ

ಮನೆಯಲ್ಲಿ ಮಾಡಬಹುದಾದ ಪರೀಕ್ಷೆ ಸುಲಭ: ಮೊಣಕೈಯ ಒಳಭಾಗದ ಬಳಿ ಒಂದೇ ಜಾಗಕ್ಕೆ ದಿನಕ್ಕೆ ಎರಡು ಬಾರಿ, ಒಂದರಿಂದ ಎರಡು ವಾರ ಹಚ್ಚಿ ನೋಡುವುದು. ಒಂದೇ ದಿನ ಹಚ್ಚಿ ನಿರ್ಧಾರಕ್ಕೆ ಬಂದರೆ ತಡವಾದ ಅಲರ್ಜಿ ಕೈತಪ್ಪುತ್ತದೆ. ಚರ್ಮ ಕೆಂಪಾದರೆ ಆ ವಸ್ತುವನ್ನು ಬಿಡಬೇಕು. ಏನೂ ಆಗದಿದ್ದರೂ ಪೂರ್ತಿ ನಂಬುವಂತಿಲ್ಲ, ತೋಳಿನ ಚರ್ಮ ರೆಪ್ಪೆಗಿಂತ ದಪ್ಪ. ತೊಳೆದು ತೆಗೆಯುವ ಶಾಂಪೂ, ಕ್ಲೆನ್ಸರ್‌ಗಳಿಗೆ ಈ ವಿಧಾನ ಸಲ್ಲದು, ಅವು ಹಾಗೆಯೇ ಬಿಟ್ಟರೆ ಯಾರ ಚರ್ಮವನ್ನಾದರೂ ಕೆರಳಿಸುತ್ತವೆ. ಈ ಪರೀಕ್ಷೆ ಯಾವ ವಸ್ತು ಎಂದು ಹೇಳುತ್ತದೆ, ಯಾವ ಪದಾರ್ಥ ಎಂದು ಹೇಳುವುದಿಲ್ಲ.

ಅದನ್ನು ಹೇಳುವುದು ಚರ್ಮವೈದ್ಯರ ಪ್ಯಾಚ್ ಟೆಸ್ಟ್. ಜರ್ಮನ್ ಚರ್ಮವೈದ್ಯ ಜೋಸೆಫ್ ಯಾಡಸೋನ್ 1895ರಲ್ಲಿ ಪರಿಚಯಿಸಿದ ಈ ವಿಧಾನದ ತಿರುಳು ಇಂದಿಗೂ ಅದೇ: ಶಂಕಿತ ಪದಾರ್ಥಗಳನ್ನು ಚಿಕ್ಕ ಚಿಕ್ಕ ಬಿಲ್ಲೆಗಳಲ್ಲಿ ಬೆನ್ನಿಗೆ ಅಂಟಿಸಿ 48 ಗಂಟೆಗಳ ನಂತರ ತೆಗೆದು ನೋಡುತ್ತಾರೆ, ಒಂದೆರಡು ದಿನ ಬಿಟ್ಟು ಮತ್ತೆ ನೋಡುತ್ತಾರೆ. ಆ ದಿನಗಳಲ್ಲಿ ಬೆನ್ನು ಒದ್ದೆಯಾಗಬಾರದು. ಚರ್ಮಕ್ಕೆ ಸೂಜಿ ಚುಚ್ಚಿ ಮಾಡುವ ಪರೀಕ್ಷೆ ಮತ್ತು ರಕ್ತದಲ್ಲಿ ಐಜಿಇ ಎಂಬ ಪ್ರತಿಕಾಯವನ್ನು ಅಳೆಯುವ ಪರೀಕ್ಷೆ ಇದಕ್ಕೆ ಬದಲಿಗಳಲ್ಲ. ಅವು ತಕ್ಷಣದ ಅಲರ್ಜಿಯನ್ನು ಹುಡುಕುತ್ತವೆ, ಮೇಕಪ್‌ನಿಂದ ಸಾಮಾನ್ಯವಾಗಿ ಬರುವ ತಡವಾದ ಅಲರ್ಜಿ ಅವುಗಳ ಕಣ್ಣಿಗೆ ಬೀಳುವುದಿಲ್ಲ. ದುಬಾರಿ ರಕ್ತಪರೀಕ್ಷೆ ಮಾಡಿಸಿ ‘ಏನೂ ಇಲ್ಲ’ ಎಂಬ ಫಲಿತಾಂಶವನ್ನು ನಂಬಿ ಅದೇ ಮಸ್ಕಾರಾಕ್ಕೆ ಮರಳುವವರು ಈ ವ್ಯತ್ಯಾಸವನ್ನು ಗಮನಿಸಬೇಕು.

ಶಮನದ ದಾರಿಗಳು

ರೆಪ್ಪೆ ಕೆರಳಿದ ದಿನ ಮಾಡಬೇಕಾದದ್ದು ಕಡಿಮೆ. ಎಲ್ಲ ಮೇಕಪ್ಪನ್ನೂ ನಿಲ್ಲಿಸಿ, ತಣ್ಣೀರಿನಲ್ಲಿ ಹಿಂಡಿದ ಶುಭ್ರ ಬಟ್ಟೆಯನ್ನು ಹತ್ತು ನಿಮಿಷ ಮುಚ್ಚಿದ ಕಣ್ಣಿನ ಮೇಲಿಟ್ಟು, ಒಣಗಿದ ಚರ್ಮಕ್ಕೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಹಚ್ಚಿದರೆ ಬರಿಯ ಕೆರಳಿಕೆ ಬಹಳಷ್ಟು ಸಲ ತಾನಾಗಿ ಇಳಿಯುತ್ತದೆ. ಅಲರ್ಜಿಯ ಮಾತ್ರೆಗಳು ತಕ್ಷಣದ ದದ್ದಿಗೆ ಚೆನ್ನಾಗಿ ಕೆಲಸ ಮಾಡುತ್ತವೆ, ತಡವಾದ ಅಲರ್ಜಿಗೆ ಅವುಗಳಿಂದ ಹೆಚ್ಚು ಪ್ರಯೋಜನವಿಲ್ಲ. ಕಣ್ಣಿನೊಳಗೂ ತುರಿಸುತ್ತಿದ್ದರೆ ಕೀಟೋಟಿಫೆನ್, ಒಲೊಪಟಡಿನ್‌ನಂಥ ಹನಿಗಳು ನೆರವಾಗುತ್ತವೆ. ಕೆಂಪನ್ನು ಮಾತ್ರ ಅಳಿಸುವ ರಕ್ತನಾಳ ಕುಗ್ಗಿಸುವ ಹನಿಗಳನ್ನು ಬಹಳ ದಿನ ಹಾಕಿದರೆ, ನಿಲ್ಲಿಸಿದಾಗ ಕೆಂಪು ಇಮ್ಮಡಿಯಾಗಿ ಮರಳಬಹುದು.

ಮುಲಾಮುಗಳ ನಡುವಿನ ಆಯ್ಕೆಯನ್ನು ವೈದ್ಯರಿಗೆ ಬಿಡಬೇಕು. ಸೌಮ್ಯವಾದ ಸ್ಟಿರಾಯ್ಡ್ ಮುಲಾಮು ಬೇಗ ಶಮನ ಕೊಡುತ್ತದೆ, ಕೆಲವು ದಿನಗಳ ಮಟ್ಟಿಗೆ ಸರಿ. ಆದರೆ ಆ ಬೇಗದ ಶಮನವೇ ಬಲೆಯಾಗುತ್ತದೆ: ರೆಪ್ಪೆಯ ಮೇಲೆ ದೀರ್ಘಕಾಲ ಬಳಸಿದರೆ ಚರ್ಮ ಇನ್ನೂ ತೆಳುವಾಗುತ್ತದೆ, ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು, ಪೊರೆ ಬೆಳೆಯಬಹುದು. ದೇಹದ ಬೇರೆ ಭಾಗಕ್ಕೆಂದು ಕೊಟ್ಟ ಪ್ರಬಲ ಮುಲಾಮನ್ನು ರೆಪ್ಪೆಗೆ ಹಚ್ಚುವುದಂತೂ ಎಂದಿಗೂ ಕೂಡದು. ಸ್ಟಿರಾಯ್ಡ್ ಅಲ್ಲದ ಟ್ಯಾಕ್ರೊಲಿಮಸ್, ಪಿಮೆಕ್ರೊಲಿಮಸ್ ಮುಲಾಮುಗಳಿಗೆ ಈ ಅಪಾಯಗಳಿಲ್ಲ. ಮೊದಲ ಕೆಲವು ದಿನ ಚುರುಕ್ಕೆನ್ನುತ್ತವೆ, ನಿಧಾನವಾಗಿ ಕೆಲಸ ಮಾಡುತ್ತವೆ. ತೊಂದರೆ ಮತ್ತೆ ಮತ್ತೆ ಮರಳುವವರಿಗೆ ಇವನ್ನು ವೈದ್ಯರು ಹೆಚ್ಚಾಗಿ ಬರೆಯುವುದು ಅದಕ್ಕೇ. ನೋವು, ಬೆಳಕು ಸಹಿಸಲಾಗದಿರುವುದು, ದೃಷ್ಟಿ ಮಸುಕು, ಜ್ವರದೊಡನೆ ಊತ ಇವುಗಳಲ್ಲಿ ಒಂದಿದ್ದರೂ ಮನೆಮದ್ದಿನ ಮಾತನ್ನು ಬಿಟ್ಟು ಅಂದೇ ಕಣ್ಣಿನ ವೈದ್ಯರನ್ನು ಕಾಣಬೇಕು. ತುಟಿ, ನಾಲಿಗೆ ಊದಿ ಉಸಿರಾಟ ಕಷ್ಟವಾದರೆ ತುರ್ತು ಚಿಕಿತ್ಸೆಗೆ ಧಾವಿಸಬೇಕು.

ಚರ್ಮ ಪೂರ್ತಿ ಮಾಗಿದ ಮೇಲೆ ಒಂದು ಸಲಕ್ಕೆ ಒಂದೇ ವಸ್ತುವನ್ನು, ವಾರಕ್ಕೊಂದರಂತೆ ಮರಳಿ ತರಬೇಕು: ಮೊದಲು ತೆಗೆಯುವ ಸಾಧನ, ಆಮೇಲೆ ಪೆನ್ಸಿಲ್, ಅದರ ನಂತರ ಹೊಳಪಿಲ್ಲದ ಪುಡಿ, ಕಡೆಗೆ ಮಸ್ಕಾರಾ. ಕುಂಚಗಳನ್ನು ತೊಳೆದು ಒಣಗಿಸಿ, ಸ್ಪಂಜುಗಳನ್ನು ಹೊಸದಾಗಿ ತೆಗೆದುಕೊಳ್ಳಬೇಕು, ಇಲ್ಲವಾದರೆ ಬಿಟ್ಟ ವಸ್ತುವೇ ಅವುಗಳ ಮೂಲಕ ಮರಳುತ್ತದೆ. ಇಷ್ಟಾದರೂ ತುರಿಕೆ ಬಂದರೆ ಚರ್ಮವೈದ್ಯರ ಬಳಿಗೆ ಹೋಗುವಾಗ ಮೇಕಪ್ ಚೀಲವನ್ನಷ್ಟೇ ಅಲ್ಲ, ಶಾಂಪೂ, ಉಗುರುಬಣ್ಣ, ಕಣ್ಣಿನ ಹನಿ, ರೆಪ್ಪೆಗೂದಲಿನ ಇಕ್ಕಳ ಎಲ್ಲವನ್ನೂ ಅವುಗಳ ಮೂಲ ಡಬ್ಬಿಗಳ ಸಮೇತ ಒಯ್ಯಬೇಕು. ಎಸೆದ ಡಬ್ಬಿಯ ಮೇಲಿದ್ದ ಪದಾರ್ಥಗಳ ಪಟ್ಟಿಯನ್ನು ನೆನಪಿನಿಂದ ಹೇಳಲು ಯಾರಿಗೂ ಆಗದು.